ಹೆಬ್ಬೆಟ್ಟಿನ ಹಿಂದಿನ ಮಾತು

‘ಹೊಲವನ್ನು ನನ್ನ ಖುಷಿಯಿಂದಲೇ ಬಿಟ್ಟುಕೊಟ್ಟಿದ್ದೇನೆ’ ಎಂಬ ಕಾಗದದ ಮೇಲೆ ಗೇಣಿದಾರನ ಹೆಬ್ಬೆಟ್ಟು ಬಿದ್ದಿದ್ದರೆ ಕಚೇರಿಗೆ ಅಷ್ಟು ಸಾಕಿತ್ತು. ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಗೆ ಸಾಕಾಗಲಿಲ್ಲ. 1948ರ ಮುಂಬಯಿ ಗೇಣಿ ಕಾನೂನು ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಸೀಮೆಗೂ ಅನ್ವಯಿಸುತ್ತಿದ್ದ ಕಾಲವದು. ಉಳುವವನಿಗೆ ರಕ್ಷಣೆ ಕೊಡಬೇಕಾದ ಆ ಕಾನೂನು ಊರೊಳಗೆ ಹೇಗೆ ನಡೆದಿದೆ ಎಂದು ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ಜಿ. ಜೆ. ಖುದಾನಪುರ ಹಳ್ಳಿಗಳಲ್ಲಿ ವಿಚಾರಿಸಿದರು. 1957ರಲ್ಲಿ ಬಂದ ಅವರ ವರದಿ, ಈ ‘ಖುಷಿ’ಯಲ್ಲಿ ಬಹುಪಾಲು ನಂಬಲಾಗದ್ದು ಎಂದು ತೋರಿಸಿತು. ಕಾಗದಕ್ಕಿಂತ ಮನುಷ್ಯನನ್ನು ಕೇಳಿದ ಈ ಕೆಲಸಕ್ಕಾಗಿಯೇ ನನಗೆ ಆ ಸಂಸ್ಥೆಯ ಮೇಲೆ ಗೌರವ.

ಸಾತಾರಾದ ರಾವ್ ಬಹಾದ್ದೂರ್ ಆರ್. ಆರ್. ಕಾಳೆ ಕೊಟ್ಟ ದತ್ತಿಯಿಂದ, ಗೋಪಾಲಕೃಷ್ಣ ಗೋಖಲೆ ಕಟ್ಟಿದ ಭಾರತ ಸೇವಕ ಸಮಾಜದ ಆಶ್ರಯದಲ್ಲಿ 1930ರಲ್ಲಿ ಹುಟ್ಟಿದ ಸಂಸ್ಥೆಯಿದು. ಮೊದಲ ನಿರ್ದೇಶಕ ಧನಂಜಯರಾವ್ ಗಾಡ್ಗೀಳ್. ವಾಯಿ ತಾಲ್ಲೂಕಿನ ರೈತರ ಬೇಸಾಯದ ಲೆಕ್ಕ ಹಿಡಿದದ್ದು ಅವರ ಕಾಲದಲ್ಲೇ. ಗೋದಾವರಿ, ಪ್ರವರಾ ಕಾಲುವೆಗಳ ಸಮೀಕ್ಷೆಯಲ್ಲಂತೂ, ನೀರಿನ ಕರದಿಂದ ಸರ್ಕಾರಕ್ಕೆಷ್ಟು ಬಂತು ಎಂಬಲ್ಲಿಗೆ ನಿಲ್ಲದೆ, ಕಾಲುವೆಯಿಂದ ಸುತ್ತಲಿನ ಸೀಮೆಗೆ ನೇರವಾಗಿಯೂ ಪರೋಕ್ಷವಾಗಿಯೂ ಆದ ಲಾಭವನ್ನೆಲ್ಲ ಎಣಿಸಲು ಹೊರಟರು. ನೀರಾವರಿ ಯೋಜನೆಯನ್ನು ಬರೀ ವಸೂಲಿಯಿಂದ ಅಳೆಯುವ ಅಭ್ಯಾಸವಿದ್ದ ದಿನಗಳಲ್ಲಿ ಇದು ದೊಡ್ಡ ಹೆಜ್ಜೆ. ಅದೇ ಪ್ರವರಾ ಸೀಮೆಯ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದಾಗ ಅಧ್ಯಕ್ಷರಾಗಿ ನಿಂತವರೂ ಗಾಡ್ಗೀಳರೇ. ಮುಂದೆ ಅವರು ಯೋಜನಾ ಆಯೋಗದ ಉಪಾಧ್ಯಕ್ಷರಾದರು. ರಾಜ್ಯಗಳಿಗೆ ಕೇಂದ್ರದ ನೆರವು ಹಂಚುತ್ತಿದ್ದ ‘ಗಾಡ್ಗೀಳ್ ಸೂತ್ರ’ ಅವರದು.

1971ರಲ್ಲಿ ಸಂಸ್ಥೆಯ ಅದೇ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ದೇಶದ ಬಡತನವನ್ನು ಅಳೆದರು. ದಿನಕ್ಕೆ 2250 ಕ್ಯಾಲರಿ ಊಟ ಸಿಗುವ ಖರ್ಚನ್ನು ಗೆರೆಯಾಗಿಟ್ಟುಕೊಂಡು ನೋಡಿದರೆ, 1960-61ರಲ್ಲಿ ಹಳ್ಳಿಗರಲ್ಲಿ ಸುಮಾರು ಶೇಕಡ 40 ಜನ ಅದರ ಕೆಳಗಿದ್ದರು. ಭೂಮಿ ಹಂಚುವುದರಿಂದ ಮಾತ್ರ ಇದು ನೀಗದು, ಕೇಳಿದವರಿಗೆಲ್ಲ ಸರ್ಕಾರ ಕೂಲಿ ಕೆಲಸ ಕೊಡಬೇಕು ಎಂಬುದು ಅವರ ವಾದ. ಮರುವರ್ಷವೇ ಬರಗಾಲ ಬಿತ್ತು. ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಶುರುವಾದದ್ದು ಆಗ. 1977ರಲ್ಲಿ ಅದಕ್ಕಾಗಿ ಕಾಯ್ದೆ ಅಂಗೀಕಾರವಾಯಿತು. ಕೆಲವೇ ವರ್ಷಗಳಲ್ಲಿ ಇದೇ ಸಂಸ್ಥೆಯ ಕುಮುದಿನಿ ದಾಂಡೇಕರ್ ಮತ್ತು ಮಂಜು ಸಾಠೆ ಆ ಯೋಜನೆಯ ಕಾಮಗಾರಿಗಳ ಕೂಲಿಕಾರರನ್ನೇ ವಿಚಾರಿಸಲು ಹೊರಟರು.