ದೋಷ ಯಾವ ತುಂಡಿನಲ್ಲಿದೆ? ಐಪರ್ಫ್ ಹೇಳುತ್ತದೆ

ಲಕ್ಷ್ಮೇಶ್ವರವಿರಲಿ, ಶಿರಹಟ್ಟಿಯಿರಲಿ, ಹೊಲದ ಉತಾರಕ್ಕೆಂದು (ಪಹಣಿಗೆಂದು) ಸರದಿ ನಿಂತವರಿಗೆ ‘ಸರ್ವರ್ ಇಲ್ರೀ’ ಎಂಬ ಉತ್ತರ ಹೊಸದಲ್ಲ. ದೋಷ ಎಲ್ಲಿದೆ ಎಂಬುದು ಮಾತ್ರ ಆ ಉತ್ತರದಿಂದ ತಿಳಿಯುವುದಿಲ್ಲ. ಕಚೇರಿಯೊಳಗಿನ ವೈಫೈ ಸೊರಗಿರಬಹುದು. ತಾಲ್ಲೂಕು ಕೇಂದ್ರದವರೆಗಿನ ಕೇಬಲ್ ಪೆಟ್ಟು ತಿಂದಿರಬಹುದು. ಅಲ್ಲಿಂದಾಚೆಯ ಹಾದಿ ಕಿಕ್ಕಿರಿದಿರಬಹುದು. ಸರ್ವರೇ ಮಲಗಿದ್ದರೂ ಮಲಗಿರಬಹುದು.

ಮೊಬೈಲಿನ ಸ್ಪೀಡ್ ಟೆಸ್ಟ್ ಈ ಹಾದಿಯ ಹಲವು ತುಂಡುಗಳನ್ನು ಒಟ್ಟಾಗಿ ಅಳೆದು ಒಂದೇ ಅಂಕಿ ಕೊಡುತ್ತದೆ. ತುಂಡು ತುಂಡಾಗಿ ಅಳೆಯಬೇಕೆಂದರೆ ನೆಟ್‌ವರ್ಕ್ ಎಂಜಿನಿಯರುಗಳು ‘ಐಪರ್ಫ್3’ ಎಂಬ ಪುಟ್ಟ ತಂತ್ರಾಂಶಕ್ಕೆ ಮೊರೆಹೋಗುತ್ತಾರೆ. ಇದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಟೈಪಿಸುವ ಒಂದು ಸಾಲಿನ ಆದೇಶವೇ ಎಲ್ಲ. ಸಿಂಗಟಾಲೂರು ಏತ ನೀರಾವರಿಯ ಕಾಲುವೆಯಲ್ಲಿ ತಲೆಗೆ ಬಿಟ್ಟ ನೀರೆಷ್ಟು, ತುದಿಗೆ ಮುಟ್ಟಿದ್ದೆಷ್ಟು ಎಂದು ಎರಡೂ ಕಡೆ ನಿಂತು ಅಳೆದಂತೆಯೇ ಇದರ ಕೆಲಸ. ಒಂದು ತುದಿಯ ಕಂಪ್ಯೂಟರು ಕಾಯುತ್ತ ಕೂರುತ್ತದೆ. ಇನ್ನೊಂದು ತುದಿಯದು ಹತ್ತು ಸೆಕೆಂಡು ಸತತವಾಗಿ ಹುಸಿ ದತ್ತಾಂಶವನ್ನು ಸುರಿಯುತ್ತದೆ. ಆ ದತ್ತಾಂಶ ಮೆಮೊರಿಯಲ್ಲೇ ಹುಟ್ಟಿ ಮೆಮೊರಿಯಲ್ಲೇ ಸಾಯುವುದರಿಂದ ಹಾರ್ಡ್‌ಡಿಸ್ಕಿನ ನಿಧಾನಗತಿ ಲೆಕ್ಕದೊಳಗೆ ನುಸುಳುವುದಿಲ್ಲ.

ಈ ವಂಶದ ಹಿರಿಯ ‘ಟಿಟಿಸಿಪಿ’. 1984ರಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರ ಮೈಕ್ ಮೂಸ್ ಮತ್ತು ನೌಕಾ ಅಕಾಡೆಮಿಯ ಟೆರ‍್ರಿ ಸ್ಲ್ಯಾಟರಿ ಅದನ್ನು ಬರೆದರು. ಆಚೆಯ ಯಂತ್ರ ಓಗೊಡುತ್ತದೆಯೇ ಎಂದು ನೋಡುವ ‘ಪಿಂಗ್’ ಕೂಡ ಇದೇ ಮೂಸ್ ಅವರದು. ಐಪರ್ಫ್3 ಬೆಳೆದದ್ದು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ. ಆ ಪ್ರಯೋಗಾಲಯ 1986ರ ಅಕ್ಟೋಬರಿನಲ್ಲೇ ಒಂದು ಪಾಠ ಕಲಿತಿತ್ತು. ಸುಮಾರು 365 ಮೀಟರ್ ದೂರದ ವಿಶ್ವವಿದ್ಯಾಲಯಕ್ಕೆ ಇದ್ದ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ ಬರೀ 40 ಬಿಟ್‌ಗೆ ಕುಸಿಯಿತು. ತಂತಿ ಹರಿದಿರಲಿಲ್ಲ, ಕಳೆದುಹೋದ ಪ್ಯಾಕೆಟ್ಟುಗಳನ್ನು (ದತ್ತಾಂಶದ ತುಣುಕುಗಳನ್ನು) ಎಲ್ಲರೂ ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಮುಚ್ಚಿದ್ದರು. ಅದೇ ಪ್ರಯೋಗಾಲಯದ ವ್ಯಾನ್ ಜಾಕಬ್ಸನ್ 1988ರಲ್ಲಿ ಪ್ರಕಟಿಸಿದ ದಟ್ಟಣೆ ನಿಯಂತ್ರಣದ ಉಪಾಯಗಳು ಇಂದಿಗೂ ಇಂಟರ್ನೆಟ್ಟನ್ನು ಕಾಯುತ್ತಿವೆ.

ದಟ್ಟಣೆಯಂತೆ ದೂರಕ್ಕೂ ವೇಗದೊಡನೆ ನಂಟಿದೆ. ಇಂಟರ್ನೆಟ್ಟಿನಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಒಂದಷ್ಟು ದತ್ತಾಂಶ ಕಳಿಸಿ, ‘ಮುಟ್ಟಿತು’ ಎಂಬ ಉತ್ತರಕ್ಕೆ ಕಾಯುತ್ತದೆ. ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಗದಗ-ಬೆಂಗಳೂರು ನಡುವೆ 400 ಕಿಲೋಮೀಟರ್ ಎಂದಿಟ್ಟರೆ ಹೋಗಿಬರಲು 4 ಮಿಲಿಸೆಕೆಂಡು ಬೇಕೇಬೇಕು. ಒಮ್ಮೆಗೆ 64 ಕಿಲೋಬೈಟ್ ಮಾತ್ರ ಕಳಿಸುವ ಹಳೆಯ ಮಿತಿಯಲ್ಲಿ ಈ ಹಾದಿ ಹೆಚ್ಚೆಂದರೆ 131 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕೊಡಬಲ್ಲದು. ಹೋಗಿಬರಲು 200 ಮಿಲಿಸೆಕೆಂಡು ಹಿಡಿಯುವ ದೂರದೇಶದ ಸರ್ವರಿಗಾದರೆ ಅದೇ ಮಿತಿ 2.6ಕ್ಕೆ ಇಳಿಯುತ್ತದೆ, ಕೇಬಲ್ ಎಷ್ಟೇ ದಪ್ಪವಿದ್ದರೂ! ಆ ಮಿತಿಯನ್ನು ಹಿಗ್ಗಿಸುವ ವಿಧಾನ 1992ರಲ್ಲಿ ಟಿಸಿಪಿಯ ವಿಸ್ತರಣೆಯಾಗಿ ದಾಖಲಾಯಿತು.

2011ರಲ್ಲಿ ಕೇಂದ್ರದ ಒಪ್ಪಿಗೆ ಪಡೆದು ಮುಂದೆ ‘ಭಾರತ್‌ನೆಟ್’ ಎನಿಸಿದ ಯೋಜನೆಯ ಗುರಿ ಪ್ರತಿ ಗ್ರಾಮ ಪಂಚಾಯಿತಿಗೆ 100 ಎಂಬಿಪಿಎಸ್. ಮುಂಡರಗಿ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಇದನ್ನು ಪರೀಕ್ಷಿಸಬೇಕಾದರೆ ಮೊದಲು ಕಚೇರಿಯೊಳಗಿನ ಎರಡು ಕಂಪ್ಯೂಟರುಗಳ ನಡುವೆ, ಆಮೇಲೆ ತಾಲ್ಲೂಕು ಕೇಂದ್ರದ ಯಂತ್ರದೊಡನೆ, ಕೊನೆಗೆ ಬೆಂಗಳೂರಿನ ಯಂತ್ರದೊಡನೆ ಐಪರ್ಫ್ ಓಡಿಸಬೇಕು. ಅಂಕಿ ಎಲ್ಲಿ ಧೊಪ್ಪನೆ ಬೀಳುತ್ತದೋ ದೋಷವೂ ಅಲ್ಲೇ. 100ರ ಈಥರ್ನೆಟ್ ತಂತಿಯಲ್ಲಿ 94 ಬಂದರೆ ಗಾಬರಿ ಬೇಡ. ಉಳಿದದ್ದು ಪ್ಯಾಕೆಟ್ಟುಗಳ ವಿಳಾಸಪಟ್ಟಿಗೆ ಹೋಗುವ ಪಾಲು. ಲಿನಕ್ಸಿನಲ್ಲಿ ಮರುರವಾನೆಯ ಎಣಿಕೆಯೂ ಪಕ್ಕದಲ್ಲೇ ಕಾಣುತ್ತದೆ. ಅದು ಏರುತ್ತಿದ್ದರೆ ದಾರಿಯಲ್ಲಿ ಪ್ಯಾಕೆಟ್ ಕಳೆಯುತ್ತಿದೆ ಎಂದರ್ಥ.

ಪರೀಕ್ಷೆ ನಡೆಸಲು ಕಚೇರಿ ತೆರೆಯುವ ಮುಂಚಿನ ಹೊತ್ತೇ ವಾಸಿ: ಐಪರ್ಫ್ ಹತ್ತು ಸೆಕೆಂಡು ಇಡೀ ಹಾದಿಯನ್ನು ತುಂಬಿಬಿಡುತ್ತದೆ. 100 ಎಂಬಿಪಿಎಸ್ ವೇಗದಲ್ಲಿ ಪ್ರತಿ ಓಟಕ್ಕೂ 125 ಮೆಗಾಬೈಟ್ ಡೇಟಾ ಖರ್ಚು.