ತಪ್ಪಿಸಿಕೊಂಡ ಕುದುರೆಗೆ ಕಂದಾಯ

ಮೈಸೂರು ಸೀಮೆಯ ಒಂದು ಹಳ್ಳಿಯವರು 19ನೇ ಶತಮಾನದಲ್ಲೂ ಒಂದು ಕುದುರೆಯ ಹೆಸರಿನಲ್ಲಿ ತೆರಿಗೆ ಕಟ್ಟುತ್ತಿದ್ದರು. ಕುದುರೆ ಅವರದ್ದಲ್ಲ. ಯಾವುದೋ ಕಾಲದಲ್ಲಿ ಪಾಳೆಯಗಾರನೊಬ್ಬನ ಕುದುರೆ ತಪ್ಪಿಸಿಕೊಂಡಿತ್ತು. ಅದನ್ನು ಹುಡುಕಿ ತರಲು ಆ ಊರಿನ ಹಿರೀಕರಿಂದ ಆಗಿರಲಿಲ್ಲ. ಪಾಳೆಯಗಾರ ಹೋದ, ಹುಡುಕಲು ಹೋದವರೂ ಮಣ್ಣಾದರು, ವಸೂಲಿ ಮಾತ್ರ ನಿಲ್ಲಲಿಲ್ಲ. ನಗರ ಪ್ರಾಂತ್ಯದಲ್ಲಿ ಒಂದು ಗೊತ್ತಾದ ಜಾಗವನ್ನು ಎರಡೂ ಕೈ ಮೈಗೆ ಒತ್ತಿಕೊಂಡು ದಾಟದವರು ಅದಕ್ಕೂ ತೆರಬೇಕಿತ್ತು. ಮದುವೆ ಮಾಡಿದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ, ಕೂದಲು ತೆಗೆಸಿದರೆ ಮತ್ತೆ ತೆರಿಗೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇವನ್ನೆಲ್ಲ ಹೇಳಿ, ಇವು ಸರ್ಕಾರಿ ಲೆಕ್ಕದಲ್ಲಿ ರಾಜ್ಯದ ಆದಾಯವೆಂದೇ ನಮೂದಾಗಿದ್ದವು ಎಂದೂ ಸೇರಿಸುತ್ತದೆ. ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತದಲ್ಲಿ ರದ್ದಾದ ಇಂಥ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769.

ನಗು ಬರುತ್ತದೆ, ನಿಜ. ಆದರೆ ನೌಕರಶಾಹಿಯ ಹುಟ್ಟುಗುಣ ಇಲ್ಲೇ ಇದೆ. ಪಾಳೆಯಗಾರನ ಸಿಟ್ಟು ಒಂದು ಸಲ ಲೆಕ್ಕದ ಪುಸ್ತಕ ಸೇರಿತೆಂದರೆ ಮುಂದೆ ಸಿಟ್ಟೂ ಬೇಕಿಲ್ಲ, ಪಾಳೆಯಗಾರನೂ ಬೇಕಿಲ್ಲ. ವಸೂಲಿಗೆ ಬಂದವನಿಗೆ ಆ ಊರಿನವರ ಮೇಲೆ ಯಾವ ದ್ವೇಷವೂ ಇಲ್ಲ. ಬಾಬ್ತು ಇದೆ, ಬಾಕಿ ಇದೆ, ಅಷ್ಟೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಆಧುನಿಕ ಆಡಳಿತದ ಲಕ್ಷಣಗಳನ್ನು ವಿವರಿಸುವಾಗ ಲಿಖಿತ ದಾಖಲೆಗೂ ಮುಖ ನೋಡದ ನಿಯಮಕ್ಕೂ ದೊಡ್ಡ ಸ್ಥಾನ ಕೊಟ್ಟ. ಅವನ ಬರಹ ಪುಸ್ತಕವಾಗಿ ಬಂದದ್ದು ಅವನು ತೀರಿಕೊಂಡ ಮೇಲೆ, 1922ರಲ್ಲಿ. ನಮ್ಮ ಹಳ್ಳಿಗಳಿಗೆ ಅದರ ಅನುಭವ ಅದಕ್ಕೂ ಬಹಳ ಮೊದಲೇ ಆಗಿತ್ತು.

ಹಳ್ಳಿಯ ಮಟ್ಟದಲ್ಲಿ ಆ ದಾಖಲೆ ಶಾನುಭೋಗರ ಕೈಯಲ್ಲಿತ್ತು. ವಸೂಲಿ ಪಟೇಲರದು, ಬರವಣಿಗೆ ಶಾನುಭೋಗರದು, ಎರಡೂ ವಂಶಪಾರಂಪರ್ಯ. ಅವರು ಬರೆಯುತ್ತಿದ್ದ ಕಡತವನ್ನು 1810ರ ಹೊತ್ತಿಗೆ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಕುತೂಹಲದಿಂದ ನೋಡಿ ವಿವರಿಸಿದ್ದಾನೆ. ಒಂದಡಿಯೊಳಗಿನ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸುತ್ತಿದ್ದರು. ನಮ್ಮವರು ಅಂಟಿಗೆ ಹುಣಸೆಬೀಜ ಅರೆಯುತ್ತಿದ್ದುದುಂಟು. ಕಪ್ಪು ಹಲಗೆಯಂತಾದ ಆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿದರೆ ಪುಸ್ತಕ ಸಿದ್ಧ. ಬರೆಯುವುದು ಬಳಪದಲ್ಲಿ. ಬೇಡವಾದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸುವ ಅಧಿಕಾರ ಯಾರದು ಎಂಬುದು ಊರಿಗೆಲ್ಲ ಗೊತ್ತಿತ್ತು. ಶಾನುಭೋಗರ ಮನೆಯ ಜಗಲಿಯ ಮುಂದೆ ರೈತ ಕೈಕಟ್ಟಿ ನಿಲ್ಲುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈ ಹಳ್ಳಿಯ ಬರವಣಿಗೆಯನ್ನೆಲ್ಲ ರಾಜಧಾನಿಯ ಹಿಡಿತಕ್ಕೆ ತಂದ ಹೆಗ್ಗಳಿಕೆ ಚಿಕ್ಕದೇವರಾಜ ಒಡೆಯರದು (ಆಳ್ವಿಕೆ 1673–1704). ಔರಂಗಜೇಬನ ಆಸ್ಥಾನಕ್ಕೆ ಹೋಗಿದ್ದ ಮೈಸೂರಿನ ನಿಯೋಗ 1700ರ ಸುಮಾರಿಗೆ ಹಿಂತಿರುಗಿದ ಮೇಲೆ ಅವರು ಮೊಗಲರ ಮಾದರಿಯಲ್ಲಿ ಆಡಳಿತವನ್ನು 18 ಚಾವಡಿಗಳಾಗಿ ವಿಂಗಡಿಸಿದರು. ಅದೇ ಅಠಾರಾ ಕಚೇರಿ. ಪಟ್ಟಿ ಓದಲು ಸೊಗಸಾಗಿದೆ: ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ಅರಸರ ದನಗಳ ಹಿಂಡಿಗೆಂದು ಬೆಣ್ಣೆ ಚಾವಡಿ. ಟಿಪ್ಪು ಕಾಲಕ್ಕೆ ಅದೇ ಅಮೃತ ಮಹಲ್ ಆಯಿತು, ಆ ಹೆಸರಿನ ತಳಿ ಇಂದಿಗೂ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು ನಿರೂಪದ ಚಾವಡಿ. ಬಂದ ಅರ್ಜಿ, ಹೋದ ಉತ್ತರ, ಹೊರಟ ಆಜ್ಞೆ ಎಲ್ಲವನ್ನೂ ದಫ್ತರಕ್ಕೆ ಏರಿಸುವುದು ಅದರ ಕೆಲಸ. ಇಂದಿನ ತಾಲ್ಲೂಕು ಕಚೇರಿಯ ಟಪಾಲು ವಿಭಾಗದ ಗುಮಾಸ್ತರು ತಮ್ಮ ಮೂಲಪುರುಷರನ್ನು ಅಲ್ಲಿ ಹುಡುಕಬಹುದು.

ಚಿಕ್ಕದೇವರಾಜರು ದಿನಾ ಎರಡು ಚೀಲ ಹೊನ್ನು ಖಜಾನೆ ಸೇರದೆ ಊಟಕ್ಕೆ ಏಳುತ್ತಿರಲಿಲ್ಲ ಎಂಬ ಕಥೆ ಇದೆ. ‘ನವಕೋಟಿ ನಾರಾಯಣ’ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಅದೇ ಕಾಲದಲ್ಲಿ ಕಂದಾಯದ ಭಾರ ತಾಳದೆ ರೈತರು ದಂಗೆ ಎದ್ದದ್ದೂ, ಅದನ್ನು ಕ್ರೂರವಾಗಿ ಅಡಗಿಸಿದ್ದೂ ಇತಿಹಾಸದಲ್ಲಿದೆ. ಕಚೇರಿ ಚೆನ್ನಾಗಿ ನಡೆಯಿತು ಎಂದ ಮಾತ್ರಕ್ಕೆ ಪ್ರಜೆ ಚೆನ್ನಾಗಿದ್ದ ಎನ್ನಲಾಗದು. ಹಾಗೆಂದು ಕಚೇರಿ ಹಾಳಾದರೆ ಪ್ರಜೆಗೆ ಸುಖವೇ? ಅದೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಷ್ಟು ಹಣ ಕೊಟ್ಟೇ ಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಡುವ ಶರ್ತಿನ ಪದ್ಧತಿ ಬಂತು. ಅಮಲ್ದಾರರು ಗುತ್ತಿಗೆದಾರರಾದರು, ಒಪ್ಪಿಕೊಂಡದ್ದಕ್ಕಿಂತ ಹೆಚ್ಚು ಸುಲಿದದ್ದೆಲ್ಲ ಅವರ ಪಾಲು. ನಗರ ಪ್ರಾಂತ್ಯದ ರೈತರು ಸಿಡಿದೆದ್ದರು. ಅದನ್ನೇ ನೆಪಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು, ಕಚೇರಿಗಳು ಬೆಂಗಳೂರಿಗೆ ಬಂದವು. 1868ರಲ್ಲಿ ಎದ್ದ ಕೆಂಪು ಕಟ್ಟಡಕ್ಕೂ ಅಠಾರಾ ಕಚೇರಿಯೆಂಬ ಹಳೆಯ ಹೆಸರೇ ಅಂಟಿತು. ಈಗ ಅಲ್ಲಿ ಹೈಕೋರ್ಟು.

ಕಚೇರಿ ಗಟ್ಟಿಯಾದ ಮೇಲೆ, ಅದರೊಳಗೆ ಕೂರುವವರು ಯಾರು ಎಂಬ ಪ್ರಶ್ನೆ ಎದ್ದಿತು. ದಿವಾನ್ ಶೇಷಾದ್ರಿ ಅಯ್ಯರ್ 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭಿಸಿದರು. ವಶೀಲಿಗಿಂತ ಪರೀಕ್ಷೆ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶತಮಾನಗಳಿಂದ ಓಲೆ, ಕಡತ ಹಿಡಿದವರ ಮಕ್ಕಳೂ ನೇಗಿಲು ಹಿಡಿದವರ ಮಕ್ಕಳೂ ಒಂದೇ ಪ್ರಶ್ನೆಪತ್ರಿಕೆ ಬರೆದರೆ ಫಲಿತಾಂಶ ಏನಾಗುತ್ತದೆಂದು ಊಹಿಸಲು ಜಾಣತನ ಬೇಕಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ಸರ್ ಎಂ. ವಿಶ್ವೇಶ್ವರಯ್ಯ ಈ ದಾರಿಯನ್ನು ಒಪ್ಪದೆ, ವರದಿ ಬರುವ ಮೊದಲೇ ದಿವಾನಗಿರಿ ಬಿಟ್ಟಿದ್ದರು. ಮಹಾರಾಜರು ಹಿಂದೆ ಸರಿಯಲಿಲ್ಲ. ಆ ಜಗಳದಲ್ಲಿ ಮಹಾರಾಜರ ಪಕ್ಷವೇ ಸರಿಯಿತ್ತು ಎನ್ನಲು ಇಂದು ಹಿಂಜರಿಯಬೇಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ ಬಂತು. ಇದೇ ಹನುಮಂತಯ್ಯನವರು 1967ರಿಂದ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರೂ ಆಗಿದ್ದರು ಎಂಬುದು ಎಷ್ಟೋ ಜನರಿಗೆ ಮರೆತಿದೆ. ಆಯೋಗ 20 ವರದಿ ಕೊಟ್ಟಿತು. ಕಡತ ಬೇಗ ಸಾಗುವುದು ಹೇಗೆಂದು ಬರೆದ ವರದಿಗಳೇ ಕಡತಗಳ ರಾಶಿ ಸೇರಿದವು!

ಹಳ್ಳಿಯಲ್ಲಿ ಬದಲಾವಣೆ ಬೇರೆ ದಾರಿಯಲ್ಲಿ ಬಂತು. 1961ರ ಕಾಯ್ದೆ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿ ಸಂಬಳದ ಗ್ರಾಮಲೆಕ್ಕಿಗರಿಗೆ ಜಾಗ ಮಾಡಿತು. ಪಹಣಿ ಪುಸ್ತಕ ಜಗಲಿಯಿಂದ ಲೆಕ್ಕಿಗರ ಚೀಲಕ್ಕೆ ಬಂತು, ಕಾಯುವುದು ತಪ್ಪಲಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗತೊಡಗಿತು. ಒರೆಸಿ ಬರೆಯುವ ಕೈಚಳಕಕ್ಕೆ ಕಡಿವಾಣ ಬಿದ್ದದ್ದು ದೊಡ್ಡ ಸಾಧನೆಯೇ. ಆದರೆ ಯಂತ್ರ ಹಳೆಯ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮುದ್ರಿಸುತ್ತದೆ. ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗದ ಹೊಲದ ಪಹಣಿಯಲ್ಲಿ ತೀರಿಹೋದ ಅಜ್ಜನೇ ಇಂದಿಗೂ ಸ್ವಾಧೀನದಾರ; ಉಳುವ ಮೊಮ್ಮಗ ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಕಾಗದದ ಮಟ್ಟಿಗೆ ಅವನು ಇಲ್ಲವೇ ಇಲ್ಲ.

ಇದಕ್ಕೆ ಇರುವ ಮದ್ದೂ ಕಾಗದವೇ. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆಗೆ ಐದು ವರ್ಷ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಕಾಯ್ದೆ ಮಾಡಿತ್ತು. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಬಂದ ‘ಸಕಾಲ’ ಯೋಜನೆ ತನ್ನ ಪಟ್ಟಿಯಲ್ಲಿನ ಪ್ರತಿ ಸರ್ಕಾರಿ ಸೇವೆಗೂ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಹೊಣೆಗಾರ ನೌಕರರ ಸಂಬಳದಿಂದಲೇ ವಸೂಲಿ ಮಾಡುವ ಅವಕಾಶ ಅದರಲ್ಲಿದೆ. ಮೊತ್ತ ಚಿಕ್ಕದು. ಆದರೆ ತಡವಾದದ್ದು ಯಾರಿಂದ ಎಂಬುದು ದಾಖಲಾಗುತ್ತದೆ, ನೌಕರರಿಗೆ ಇರಿಸುಮುರಿಸಾಗುವುದು ಅದರಿಂದಲೇ. ಈ ಪರಿಹಾರ ತಾನಾಗಿ ಮನೆಗೆ ಬರುವುದಿಲ್ಲ, ಮೇಲ್ಮನವಿ ಹಾಕಬೇಕು. ಅದಕ್ಕೆ ಅರ್ಜಿ ಕೊಟ್ಟ ದಿನವೇ ಕೌಂಟರಿನಲ್ಲಿ ಸಕಾಲ ಸಂಖ್ಯೆ ನಮೂದಿಸಿದ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ‘ನಾಳೆ ಬನ್ನಿ, ಕೊಡುತ್ತೇವೆ’ ಎಂದರೆ ಅಲ್ಲೇ ನಿಂತು ಇನ್ನೊಮ್ಮೆ ಕೇಳಿ.