ಹೊಲದ ಲೆಕ್ಕ, ದೇಶದ ಅಂಕ: ಸುಸ್ಥಿರ ಕೃಷಿಯ ಪ್ರಗತಿಯನ್ನು ಅಳೆಯುವ ಬಗೆ

ಸಮೀಕ್ಷೆಗೆಂದು ಮನೆಗೆ ಬಂದವರು ಜಮೀನೆಷ್ಟು, ಎಷ್ಟು ಚೀಲ ಗೊಬ್ಬರ ಹಾಕಿದಿರಿ, ಬೆಳೆಸಾಲ ದೊರೆಯಿತೇ, ಕೊಳವೆ ಬಾವಿಯ ನೀರು ಇಳಿದಿದೆಯೇ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದಾಗ, ಈ ಉತ್ತರಗಳೆಲ್ಲ ಕೊನೆಗೆ ಎಲ್ಲಿಗೆ ತಲುಪುತ್ತವೆ ಎಂಬ ಸಂದೇಹ ತಮಗೆ ಬಂದಿರಬಹುದು. ಇಂತಹ ಉತ್ತರಗಳ ಮೇಲೆಯೇ ಒಂದು ದೇಶದ ಕೃಷಿ ಸುಸ್ಥಿರವೋ ಅಲ್ಲವೋ ಎಂಬ ತೀರ್ಮಾನ ನಿಲ್ಲಬೇಕೆಂದು ವಿಶ್ವಸಂಸ್ಥೆಯ ಅಳತೆಯ ವಿಧಾನವು ಬಯಸುತ್ತದೆ. ಆ ವಿಧಾನ ಯಾವುದು, ನಮ್ಮ ದೇಶದ ಅಂಕಗಳು ಅದಕ್ಕಿಂತ ಹೇಗೆ ಭಿನ್ನವಾಗಿವೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2030ರೊಳಗೆ ಸಾಧಿಸಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿದವು. ಇವುಗಳಡಿ 169 ಉದ್ದೇಶಗಳಿವೆ; ಅವನ್ನು ಅಳೆಯಲು 230ಕ್ಕೂ ಹೆಚ್ಚು ಸೂಚಕಗಳಿವೆ. 2024ರ ವಿಶ್ವಸಂಸ್ಥೆಯ ವರದಿಯ ಪ್ರಕಾರ, ಮೌಲ್ಯಮಾಪನ ಸಾಧ್ಯವಾದ ಉದ್ದೇಶಗಳಲ್ಲಿ ಕೇವಲ ಶೇ. 17ರಷ್ಟು ಮಾತ್ರ ಸರಿಯಾದ ಹಾದಿಯಲ್ಲಿದ್ದವು. ಎರಡನೆಯ ಗುರಿ ಹಸಿವುಮುಕ್ತ ಜಗತ್ತು. ಅದರಡಿ ಬರುವ 2.4ನೆಯ ಉದ್ದೇಶವು ಸುಸ್ಥಿರ ಆಹಾರೋತ್ಪಾದನೆಗೆ ಸಂಬಂಧಿಸಿದ್ದು, ಅದರ ಸೂಚಕವೇ 2.4.1: ಒಟ್ಟು ಕೃಷಿ ಭೂಮಿಯಲ್ಲಿ ಉತ್ಪಾದಕವೂ ಸುಸ್ಥಿರವೂ ಆದ ಬೇಸಾಯಕ್ಕೆ ಒಳಪಟ್ಟ ಭೂಮಿಯ ಪ್ರಮಾಣ.

ಹೇಳುವುದು ಸುಲಭ, ಅಳೆಯುವುದು ಕಷ್ಟ. ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಇಳುವರಿಯನ್ನು ತೂಗಬಹುದು. ಸುಸ್ಥಿರತೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಗುರಿಗಳು ಅಂಗೀಕಾರವಾಗಿ ಮೂರು ವರ್ಷ ಕಳೆದರೂ ಈ ಸೂಚಕಕ್ಕೆ ಒಪ್ಪಿತ ವಿಧಾನವೇ ಇರಲಿಲ್ಲ. ಆಹಾರ ಮತ್ತು ಕೃಷಿ ಸಂಸ್ಥೆಯು ರೂಪಿಸಿದ ವಿಧಾನಕ್ಕೆ 2018ರ ನವೆಂಬರ್‌ನಲ್ಲಿ ಒಪ್ಪಿಗೆ ದೊರೆಯಿತು.

ಹನ್ನೊಂದು ಪ್ರಶ್ನೆಗಳು, ಮೂರು ಬಣ್ಣಗಳು

ಈ ವಿಧಾನದಲ್ಲಿ ಪ್ರತಿ ಹಿಡುವಳಿಯನ್ನು ಆರ್ಥಿಕ, ಪರಿಸರ ಮತ್ತು ಸಾಮಾಜಿಕ ಎಂಬ ಮೂರು ನೆಲೆಗಳಲ್ಲಿ ಒಟ್ಟು 11 ಉಪಸೂಚಕಗಳ ಮೂಲಕ ಪರಿಶೀಲಿಸಲಾಗುತ್ತದೆ. ಪ್ರತಿಯೊಂದಕ್ಕೂ ಹಸಿರು, ಹಳದಿ ಅಥವಾ ಕೆಂಪು ಬಣ್ಣವನ್ನು ನೀಡಲಾಗುತ್ತದೆ. ಹಸಿರು ಎಂದರೆ ಅಪೇಕ್ಷಣೀಯ, ಹಳದಿ ಎಂದರೆ ಒಪ್ಪಬಹುದಾದ, ಕೆಂಪು ಎಂದರೆ ಸುಸ್ಥಿರವಲ್ಲದ ಸ್ಥಿತಿ.

ಆರ್ಥಿಕ ನೆಲೆಯಲ್ಲಿ ಹೆಕ್ಟೇರ್‌ವಾರು ಉತ್ಪನ್ನದ ಮೌಲ್ಯ, ನಿವ್ವಳ ಆದಾಯ ಮತ್ತು ನಷ್ಟಭಯ ನಿರ್ವಹಣೆ ಬರುತ್ತವೆ. ಆದಾಯವನ್ನು ಒಂದೇ ವರ್ಷಕ್ಕೆ ನೋಡುವುದಿಲ್ಲ. ಮೂರು ವರ್ಷವೂ ಲಾಭವಿದ್ದರೆ ಹಸಿರು, ಒಂದು ವರ್ಷವಾದರೂ ಲಾಭವಿದ್ದರೆ ಹಳದಿ, ಮೂರೂ ವರ್ಷ ನಷ್ಟವಾಗಿದ್ದರೆ ಕೆಂಪು. ನಷ್ಟಭಯ ನಿರ್ವಹಣೆಯಲ್ಲಿ ಸಾಲ ಸೌಲಭ್ಯ, ವಿಮೆ ಮತ್ತು ಬೆಳೆ ವೈವಿಧ್ಯ ಈ ಮೂರರಲ್ಲಿ ಎರಡಿದ್ದರೆ ಹಸಿರು, ಒಂದಿದ್ದರೆ ಹಳದಿ. ಒಂದೇ ಉತ್ಪನ್ನದಿಂದ ಬರುವ ಮೌಲ್ಯವು ಒಟ್ಟು ಮೌಲ್ಯದ ಶೇ. 66ನ್ನು ಮೀರದಿದ್ದರೆ ಮಾತ್ರ ವೈವಿಧ್ಯವಿದೆ ಎಂದರ್ಥ. ಇಡೀ ಜಮೀನಿಗೆ ಕಬ್ಬನ್ನೇ ಹಾಕಿ, ಬೆಳೆಸಾಲ ಪಡೆದು, ವಿಮೆ ಮಾಡಿಸದ ರೈತರು ಇಲ್ಲಿ ಹಳದಿಯಲ್ಲಿರುತ್ತಾರೆ. ರಾಗಿಯ ಜೊತೆ ತೊಗರಿ, ಅವರೆ ಬೆಳೆದು ಎರಡು ಹಸು ಸಾಕಿ ಬೆಳೆಸಾಲವನ್ನೂ ಪಡೆದವರು, ಯಾವುದೇ ಒಂದು ಉತ್ಪನ್ನದ ಪಾಲು ಮೇಲಿನ ಮಿತಿಯನ್ನು ದಾಟದಿದ್ದಲ್ಲಿ, ಹಸಿರಿನಲ್ಲಿರುತ್ತಾರೆ.

ಪರಿಸರ ನೆಲೆಯೇ ಈ ಅಳತೆಯ ಹೃದಯಭಾಗ. ಮಣ್ಣಿನ ಸವಕಳಿ, ಫಲವತ್ತತೆಯ ಕುಸಿತ, ನೀರಾವರಿ ಜಮೀನಿನಲ್ಲಿ ಲವಣಾಂಶದ ಹೆಚ್ಚಳ, ಜೌಗು ಈ ನಾಲ್ಕು ತೊಂದರೆಗಳಿಗೆ ಒಳಗಾದ ಭಾಗವು ಜಮೀನಿನ ಶೇ. 10ಕ್ಕಿಂತ ಕಡಿಮೆಯಿದ್ದರೆ ಹಸಿರು, ಅರ್ಧಕ್ಕಿಂತ ಹೆಚ್ಚಿದ್ದರೆ ಕೆಂಪು. ನೀರಿನ ವಿಷಯದಲ್ಲಿ ಒಂದು ಗಮನಾರ್ಹ ಅಂಶವಿದೆ: ನೀರಿನ ಲಭ್ಯತೆ ಕಡಿಮೆಯಾಗುತ್ತಿದ್ದರೂ, ಬಳಕೆದಾರರ ನಡುವೆ ಅದನ್ನು ಪರಿಣಾಮಕಾರಿಯಾಗಿ ಹಂಚುವ ಸಂಘ ಅಥವಾ ಸಂಸ್ಥೆ ಇದ್ದರೆ ಹಳದಿ ದೊರೆಯುತ್ತದೆ. ಕಾಲುವೆಯ ಕೊನೆಯಂಚಿನ ರೈತರಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. ರಸಗೊಬ್ಬರದಲ್ಲಿ ಚೀಲಗಳ ಸಂಖ್ಯೆಗಿಂತ ನಿರ್ವಹಣಾ ಕ್ರಮಗಳಿಗೆ ಮಹತ್ವ. ಮಣ್ಣು ಪರೀಕ್ಷೆ, ಕಂತುಗಳಲ್ಲಿ ಗೊಬ್ಬರ ನೀಡಿಕೆ, ಸಾವಯವ ಮೂಲಗಳ ಬಳಕೆ, ದ್ವಿದಳ ಧಾನ್ಯಗಳ ಸೇರ್ಪಡೆ ಮುಂತಾದವುಗಳಲ್ಲಿ ಕನಿಷ್ಠ ನಾಲ್ಕನ್ನು ಅನುಸರಿಸುವವರು ಹಸಿರಿನಲ್ಲಿರುತ್ತಾರೆ. ಜೀವವೈವಿಧ್ಯಕ್ಕೆ ಪೂರಕವಾದ ಬೇಸಾಯ ಕ್ರಮಗಳನ್ನೂ ಇದೇ ರೀತಿ ಕೇಳಲಾಗುತ್ತದೆ.

ಪೀಡೆನಾಶಕಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೇ ಆಧಾರ. ಅತ್ಯಂತ ಅಪಾಯಕಾರಿಯಾದ ಮೊದಲ ವರ್ಗದ ಔಷಧಿ ಬಳಸಿದರೆ, ಉಳಿದೆಲ್ಲ ಎಚ್ಚರಿಕೆ ವಹಿಸಿದ್ದರೂ ಆ ಹಿಡುವಳಿಗೆ ಕೆಂಪು. ಮೋನೋಕ್ರೋಟೋಫಾಸ್ ಈ ವರ್ಗಕ್ಕೆ ಸೇರಿದ್ದು. ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮಲ್ಲಿ ಔಷಧಿ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣಗಳು ಬೇರೆ, ಸೂಚಕದ ಬಣ್ಣಗಳು ಬೇರೆ. ಡಬ್ಬಿಯ ಮೇಲಿನ ಹಳದಿಯು ‘ಹೆಚ್ಚು ವಿಷಕಾರಿ’ ಎಂಬುದರ ಗುರುತೇ ಹೊರತು ‘ಒಪ್ಪಬಹುದು’ ಎಂಬುದರ ಗುರುತಲ್ಲ.

ಸಾಮಾಜಿಕ ನೆಲೆಯಲ್ಲಿ ಕೂಲಿಕಾರರಿಗೆ ಕನಿಷ್ಠ ವೇತನ ಸಿಗುತ್ತಿದೆಯೇ, ರೈತ ಕುಟುಂಬಕ್ಕೆ ಹೊಟ್ಟೆತುಂಬ ಊಟವಿದೆಯೇ, ಭೂಮಿಯ ಹಕ್ಕು ಭದ್ರವಾಗಿದೆಯೇ ಎಂದು ನೋಡಲಾಗುತ್ತದೆ. ಆಹಾರ ಬೆಳೆಯುವವರ ಮನೆಯಲ್ಲೇ ಊಟದ ಬಗ್ಗೆ ಕೇಳುವುದು ವಿಚಿತ್ರವೆನಿಸಬಹುದು. ಆದರೆ ಆ ಪ್ರಶ್ನೆ ಇಲ್ಲದೆ ಈ ಅಳತೆ ಪೂರ್ಣವಾಗದು.

ಅತ್ಯಂತ ದುರ್ಬಲ ಅಂಶವೇ ದೇಶದ ಅಂಕ

ಈ ಹನ್ನೊಂದನ್ನು ಕೂಡಿಸಿ ಸರಾಸರಿ ತೆಗೆಯುವುದಿಲ್ಲ ಎಂಬುದು ಈ ವಿಧಾನದ ವೈಶಿಷ್ಟ್ಯ. ಪ್ರತಿ ಉಪಸೂಚಕದಲ್ಲಿ ಹಸಿರು ಮತ್ತು ಹಳದಿ ಪಡೆದ ಹಿಡುವಳಿಗಳ ಭೂಮಿ ಒಟ್ಟು ಎಷ್ಟು ಎಂದು ಲೆಕ್ಕ ಹಾಕಿ, ಅವುಗಳಲ್ಲಿ ಅತ್ಯಂತ ಕಡಿಮೆ ಇರುವುದನ್ನೇ ದೇಶದ ಅಂಕವೆಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ, ಒಂದು ದೇಶದಲ್ಲಿ ಉತ್ಪಾದನೆಯ ಪ್ರಕಾರ ಶೇ. 80, ಆದಾಯದ ಪ್ರಕಾರ ಶೇ. 70, ಮಣ್ಣಿನ ಪ್ರಕಾರ ಶೇ. 35ರಷ್ಟು ಭೂಮಿ ಸುಸ್ಥಿರವಾಗಿದ್ದು, ಉಳಿದ ಉಪಸೂಚಕಗಳು ಇದಕ್ಕಿಂತ ಮೇಲಿವೆ ಎಂದಿಟ್ಟುಕೊಳ್ಳೋಣ. ಆ ದೇಶದ ಅಂಕ 35 ಮಾತ್ರ.

ಮಣ್ಣು ವಿಜ್ಞಾನ ಬಲ್ಲ ವಿಸ್ತರಣಾ ಕಾರ್ಯಕರ್ತರಿಗೆ ಇದು ಲೀಬಿಗ್‌ನ ಕನಿಷ್ಠ ನಿಯಮವನ್ನು ನೆನಪಿಸುತ್ತದೆ. ಯಾವ ಪೋಷಕಾಂಶ ಅತ್ಯಂತ ಕೊರತೆಯಲ್ಲಿದೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಸತುವಿನ ಕೊರತೆಯನ್ನು ಯೂರಿಯಾ ಸುರಿದು ತುಂಬಲಾಗದು. ಹಾಗೆಯೇ ಮಣ್ಣಿನ ಹಾನಿಯನ್ನು ಹೆಚ್ಚು ಇಳುವರಿಯ ಅಂಕದಿಂದ ಮರೆಮಾಚಲು ಇಲ್ಲಿ ಅವಕಾಶವಿಲ್ಲ. ಇದು ಕಠಿಣವಾದರೂ ಪ್ರಾಮಾಣಿಕವಾದ ಅಳತೆ ಎಂಬುದು ನಮ್ಮ ಅಭಿಪ್ರಾಯ.

ಆದರೆ ಇದಕ್ಕೂ ಒಂದು ಮಿತಿಯಿದೆ. ಈ ಅಂಕವು ಭೂಮಿಯನ್ನು ಎಣಿಸುತ್ತದೆ, ರೈತರನ್ನಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ಭಾರತದ ಹಿಡುವಳಿಗಳಲ್ಲಿ ಶೇ. 86ರಷ್ಟು ಸಣ್ಣ ಮತ್ತು ಅತಿಸಣ್ಣ ರೈತರವು. ಅವರ ಕೈಯಲ್ಲಿರುವ ಭೂಮಿ ಮಾತ್ರ ಶೇ. 47ರಷ್ಟು. ಅಂದರೆ ಇಂತಹ ಲೆಕ್ಕದಲ್ಲಿ ಹತ್ತು ಹೆಕ್ಟೇರ್‌ನ ಒಂದು ಹಿಡುವಳಿಯ ಸ್ಥಿತಿಗೆ, ಒಂದೊಂದು ಹೆಕ್ಟೇರ್‌ನ ಹತ್ತು ಕುಟುಂಬಗಳ ಸ್ಥಿತಿಯಷ್ಟೇ ತೂಕ ಬರುತ್ತದೆ.

ನಮ್ಮ ದೇಶದ ಅಂಕಗಳು ಹೇಳುವುದೇನು?

ಇಂತಹ ಸವಿಸ್ತಾರ ಸಮೀಕ್ಷೆಯನ್ನು ಮೂರು ವರ್ಷಕ್ಕೊಮ್ಮೆ ನಡೆಸಬೇಕೆಂಬ ಶಿಫಾರಸು ಇದೆ. ಖರ್ಚು ಮತ್ತು ಶ್ರಮದ ಕಾರಣದಿಂದ ಬಹಳಷ್ಟು ದೇಶಗಳು ಇದನ್ನು ನಡೆಸುತ್ತಿಲ್ಲ. ಆದ್ದರಿಂದ ಲಭ್ಯವಿರುವ ಅಂಕಿಅಂಶಗಳಿಂದಲೇ ಕೆಲಸ ಸಾಗುತ್ತದೆ. ಭಾರತದ ರಾಷ್ಟ್ರೀಯ ಸೂಚಕ ಚೌಕಟ್ಟಿನಲ್ಲಿ 2.4ನೆಯ ಉದ್ದೇಶಕ್ಕೆ ಆಯ್ದುಕೊಂಡ ಸೂಚಕಗಳಲ್ಲಿ ಮಣ್ಣು ಆರೋಗ್ಯ ಚೀಟಿ ಪಡೆದ ರೈತರ ಪ್ರಮಾಣವೂ ಒಂದು. ಚೀಟಿ ವಿತರಣೆಯನ್ನು ಕಚೇರಿಯ ಕಡತದಿಂದಲೇ ಎಣಿಸಬಹುದು. ಆ ಚೀಟಿಯಂತೆ ಗೊಬ್ಬರ ಹಾಕಿದರೇ, ಮಣ್ಣಿನ ಇಂಗಾಲ ಹೆಚ್ಚಿತೇ ಎಂಬುದು ಹೊಲಕ್ಕೆ ಹೋಗದೆ ತಿಳಿಯುವುದಿಲ್ಲ.

ನೀತಿ ಆಯೋಗವು 2018ರಿಂದ ರಾಜ್ಯಗಳ ಪ್ರಗತಿಯ ಸೂಚ್ಯಂಕವನ್ನು ಪ್ರಕಟಿಸುತ್ತಿದೆ. ಇಲ್ಲಿ ಪ್ರತಿ ಸೂಚಕವನ್ನು 0ಯಿಂದ 100ರ ಅಂಕಕ್ಕೆ ಪರಿವರ್ತಿಸಿ ಸರಾಸರಿ ತೆಗೆಯಲಾಗುತ್ತದೆ. ಕನಿಷ್ಠ ಮಟ್ಟ 20, ಗುರಿ 100 ಇದ್ದು ರಾಜ್ಯವು 60ರಲ್ಲಿದ್ದರೆ, ಕ್ರಮಿಸಬೇಕಾದ 80ರಲ್ಲಿ 40ನ್ನು ಕ್ರಮಿಸಿದಂತೆ, ಅಂಕ 50. ಈ ಬಗೆಯಲ್ಲಿ ದೇಶದ ಒಟ್ಟು ಅಂಕವು 2018ರಲ್ಲಿ 57 ಇದ್ದುದು 2023–24ರ ಆವೃತ್ತಿಯಲ್ಲಿ 71ಕ್ಕೆ ಏರಿತು. ಅಂತರರಾಷ್ಟ್ರೀಯ ಮಟ್ಟದ ಸುಸ್ಥಿರ ಅಭಿವೃದ್ಧಿ ವರದಿಯು 2025ರಲ್ಲಿ ಭಾರತಕ್ಕೆ ಸುಮಾರು 67 ಅಂಕ ನೀಡಿ 99ನೆಯ ಸ್ಥಾನದಲ್ಲಿರಿಸಿತು. ಇವೆರಡರಲ್ಲಿ ಒಂದು ಸುಳ್ಳೆಂದಲ್ಲ. ಆಯ್ದುಕೊಂಡ ಸೂಚಕಗಳೇ ಬೇರೆ.

ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ನಮಗೆ ಹತ್ತಿರದ ನಿದರ್ಶನವಿದೆ. ನೀತಿ ಆಯೋಗದ 2020–21ರ ಸೂಚ್ಯಂಕದಲ್ಲಿ ಎರಡನೆಯ ಗುರಿಯಡಿ ಇಳುವರಿಯನ್ನು ಅಳೆದದ್ದು ಭತ್ತ ಮತ್ತು ಗೋಧಿಯಿಂದ. ರಾಗಿ, ಜೋಳ, ತೊಗರಿಯನ್ನು ನೆಚ್ಚಿದ ಮಳೆಯಾಶ್ರಿತ ಕರ್ನಾಟಕದ ರೈತರ ಶ್ರಮ ಆ ಸಾಲಿನಲ್ಲಿ ಕಾಣುವುದೇ ಇಲ್ಲ. ಗೋಧಿ ನಮ್ಮಲ್ಲಿ ಉತ್ತರದ ಕೆಲವು ಜಿಲ್ಲೆಗಳ ಬೆಳೆಯಷ್ಟೇ. ಎಣಿಕೆಗೆ ಬಾರದ ಬೆಳೆಗೆ ಯೋಜನೆಗಳಲ್ಲಿ ಗಮನ ತಗ್ಗುವ ಅಪಾಯ ಇದ್ದೇ ಇದೆ.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದದ್ದು

ಸಮೀಕ್ಷಕರು ಮೂರು ವರ್ಷದ ಆದಾಯ ಕೇಳಿದಾಗ ನೆನಪಿನಿಂದ ಹೇಳಿದ ಉತ್ತರ ಬಹುಪಾಲು ತಪ್ಪಾಗಿರುತ್ತದೆ. ಬಿತ್ತನೆ ಬೀಜ, ಗೊಬ್ಬರ, ಔಷಧಿ, ಕೂಲಿ, ಮಾರಾಟ ಇವುಗಳನ್ನು ದಿನಾಂಕದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಿಂಪಡಿಸಿದ ಔಷಧಿಯ ಹೆಸರು ಮತ್ತು ತ್ರಿಕೋನದ ಬಣ್ಣವನ್ನೂ ದಾಖಲಿಸಿ. ಸರ್ಕಾರಿ ಸೌಲಭ್ಯ ತಪ್ಪೀತೆಂಬ ಭಯದಿಂದ ನಷ್ಟವನ್ನು ಹೆಚ್ಚಿಸಿ ಹೇಳುವುದೂ, ಸಂಕೋಚದಿಂದ ಮನೆಯ ಕೊರತೆಯನ್ನು ಮುಚ್ಚಿಡುವುದೂ ಎರಡೂ ಅಳತೆಯನ್ನು ಕೆಡಿಸುತ್ತವೆ. ತೀರಿಹೋದ ಹಿರಿಯರ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಿ. ಭೂಹಕ್ಕಿನ ಉಪಸೂಚಕಕ್ಕಿಂತ ಮೊದಲು ಬೆಳೆಸಾಲ ಮತ್ತು ವಿಮೆಗೇ ಅದು ಅಗತ್ಯ.

ವಿಸ್ತರಣಾ ಕಾರ್ಯಕರ್ತರು ತಮ್ಮ ಮಾಸಿಕ ವರದಿಯಲ್ಲಿ ವಿತರಿಸಿದ ಮಣ್ಣು ಆರೋಗ್ಯ ಚೀಟಿಗಳ ಸಂಖ್ಯೆಯ ಪಕ್ಕದಲ್ಲಿ, ಹಿಂದಿನ ಹಂಗಾಮಿನಲ್ಲಿ ಚೀಟಿಯ ಶಿಫಾರಸಿನಂತೆ ಗೊಬ್ಬರ ಹಾಕಿದ ರೈತರ ಸಂಖ್ಯೆಯನ್ನೂ ನಮೂದಿಸುವುದು ಸೂಕ್ತ. ಪ್ರತಿ ಗ್ರಾಮದಲ್ಲಿ ಹತ್ತು ಹಿಡುವಳಿಗಳನ್ನು ಆಯ್ದು, ಮೇಲೆ ವಿವರಿಸಿದ ಹನ್ನೊಂದು ಅಂಶಗಳಿಗೆ ಬಣ್ಣ ಗುರುತಿಸಿ ನೋಡಿ. ಹೆಚ್ಚು ಕೆಂಪು ಯಾವ ಸಾಲಿನಲ್ಲಿ ಬರುತ್ತದೆಯೋ, ಮುಂದಿನ ಮುಂಗಾರಿನ ರೈತರ ತರಬೇತಿಯನ್ನು ಆ ವಿಷಯದಿಂದಲೇ ಆರಂಭಿಸಬಹುದು.